ನಿಮಗಿದು ಗೊತ್ತೇ? ನಾಲ್ಕು ತಂತಿ, ಹತ್ತಾರು ಶ್ರುತಿ

● ಗಿಟಾರ್ ಎಂದ ಕೂಡಲೇ ಆರು ತಂತಿ ಕಣ್ಮುಂದೆ ಬರುತ್ತದೆ. ನಾಲ್ಕೇ ತಂತಿಯ ಗಿಟಾರೂ ಇದೆ. ಹೆಸರು ಟೆನರ್ ಗಿಟಾರ್. ಅದಕ್ಕೆ ಸುಮಾರು ನೂರು ವರ್ಷದ ಇತಿಹಾಸವಿದೆ. ಅದರ ಶ್ರುತಿಯನ್ನು ಎರಡು ಬಿರಡೆ ತಿರುವಿ ಬದಲಿಸಿದರೆ, ನಮ್ಮ ಪಿಟೀಲಿನ ಶ್ರುತಿಯೇ ಸಿಗುತ್ತದೆ. ಈ ಸಲದ ಅಂಕಣ ಪೂರ್ತಿ ಆ ವಾದ್ಯಕ್ಕೆ, ಅದರ ಓಪನ್ ಟ್ಯೂನಿಂಗ್‌ಗೆ ಮೀಸಲು.

● ಟೆನರ್ ಗಿಟಾರ್ ಹುಟ್ಟಿದ್ದು ಹೊಟ್ಟೆಪಾಡಿನ ಕಾರಣಕ್ಕೆ. 1920ರ ದಶಕದ ಅಮೆರಿಕದ ಜಾಝ್ ತಂಡಗಳಲ್ಲಿ ಲಯ ಹಿಡಿಯುತ್ತಿದ್ದದ್ದು ಟೆನರ್ ಬ್ಯಾಂಜೊ. ತುತ್ತೂರಿಗಳ ಅಬ್ಬರದ ನಡುವೆಯೂ ಕೇಳಿಸುವಷ್ಟು ಗಟ್ಟಿ ದನಿ ಅದರದು. 1925ರ ಹೊತ್ತಿಗೆ ಧ್ವನಿಮುದ್ರಣಕ್ಕೆ ಮೈಕ್ ಬಂತು. ಗಿಟಾರಿನ ಮೆದು ನಾದವೂ ಗ್ರಾಮಫೋನ್ ತಟ್ಟೆಯಲ್ಲಿ ಚೆನ್ನಾಗಿ ದಾಖಲಾಗತೊಡಗಿತು. ಕೇಳುಗರ ಒಲವು ಗಿಟಾರಿನ ಕಡೆ ತಿರುಗಿತು. ಬ್ಯಾಂಜೊ ವಾದಕರು ಏನು ಮಾಡಬೇಕು? ವರ್ಷಗಟ್ಟಲೆ ಕಲಿತ ಬೆರಳುಗಾರಿಕೆ ಬಿಟ್ಟು ಆರು ತಂತಿಯನ್ನು ಮೊದಲಿನಿಂದ ಕಲಿಯಬೇಕೇ? ತಯಾರಕರು ಅವರಿಗೊಂದು ದಾರಿ ಮಾಡಿಕೊಟ್ಟರು. ಒಡಲು ಗಿಟಾರಿನದು, ಕುತ್ತಿಗೆ ಮತ್ತು ಶ್ರುತಿ ಟೆನರ್ ಬ್ಯಾಂಜೊದ್ದು. ಮಾರ್ಟಿನ್, ಗಿಬ್ಸನ್, ನ್ಯಾಷನಲ್ ಕಂಪನಿಗಳೆಲ್ಲ 1920ರ ದಶಕದ ಕೊನೆಗೆ ಇಂಥ ಗಿಟಾರುಗಳನ್ನು ಮಾರುತ್ತಿದ್ದವು.

● ಮಾಮೂಲಿ ಗಿಟಾರಿನಲ್ಲಿ ನುಡಿಯುವ ತಂತಿಯ ಉದ್ದ ಸುಮಾರು 25 ಇಂಚು. ಟೆನರ್ ಗಿಟಾರಿನಲ್ಲಿ 23 ಇಂಚಿನ ಆಸುಪಾಸು. ಕುತ್ತಿಗೆಯೂ ಕಿರಿದು. ಪುಟ್ಟ ಕೈಯವರಿಗೆ ಹೇಳಿ ಮಾಡಿಸಿದ ಅಳತೆ.

● ಇದರ ಮೂಲ ಶ್ರುತಿ ದಪ್ಪ ತಂತಿಯಿಂದ ತೆಳು ತಂತಿಗೆ ಸಿ, ಜಿ, ಡಿ, ಎ. ಕಂಪನದ ಲೆಕ್ಕದಲ್ಲಿ ಸುಮಾರು 131, 196, 294, 440 ಹರ್ಟ್ಜ್. ಒಂದೊಂದು ತಂತಿಗೂ ಅದರ ಮುಂದಿನದಕ್ಕೂ ಇರುವ ದೂರ ಸ-ಪ ದೂರವೇ. ಸಿ ಯನ್ನು ಷಡ್ಜ ಎಂದು ಹಿಡಿದರೆ ನಾಲ್ಕು ತಂತಿಯಲ್ಲಿ ಸಿಗುವ ಸ್ವರ ಸ, ಪ, ಮೇಲಿನ ಸ್ಥಾಯಿಯ ರಿ, ಮೇಲಿನ ಸ್ಥಾಯಿಯ ದ. ಸಂಗೀತ ಬಲ್ಲವರಿಗೆ ಇಲ್ಲೇ ಅರ್ಧ ವಿಷಯ ಹೊಳೆದಿರುತ್ತದೆ. ಸ-ಪ ಆಗಲೇ ಇದೆ. ರಿ ಮತ್ತು ದ ಎರಡನ್ನು ಒಂದೊಂದು ಸ್ವರ ಕೆಳಗಿಳಿಸಿದರೆ ಸ-ಪ-ಸ-ಪ.

● ಎಲ್ಲೂ ಬೆರಳಿಡದೆ ತಂತಿಗಳನ್ನು ಒಟ್ಟಿಗೆ ಮೀಟಿದಾಗ ಒಂದು ಪೂರ್ಣ ಕಾರ್ಡ್ (ಸ್ವರಗುಚ್ಛ) ಕೇಳಿಸುವಂತೆ ಶ್ರುತಿ ಮಾಡುವುದೇ ಓಪನ್ ಟ್ಯೂನಿಂಗ್. ಬರೀ ಸ-ಪ ಇಟ್ಟ ಶ್ರುತಿಯನ್ನೂ ವಾದಕರು ಬಳಕೆಯಲ್ಲಿ ಇದೇ ಗುಂಪಿಗೆ ಸೇರಿಸುತ್ತಾರೆ. ಆರು ತಂತಿಯ ಗಿಟಾರಿನಲ್ಲಿ ಇದಕ್ಕೆ ಎಷ್ಟೋ ಸಲ ಮೂರು ನಾಲ್ಕು ಬಿರಡೆ ತಿರುವಬೇಕು. ಟೆನರ್‌ನಲ್ಲಿ ಸಾಮಾನ್ಯವಾಗಿ ಒಂದು ಇಲ್ಲವೇ ಎರಡು ಸಾಕು. ಓಪನ್ ಟ್ಯೂನಿಂಗ್ ಕಲಿಯಲು ನಾಲ್ಕು ತಂತಿಯ ವಾದ್ಯಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಯಾವ ತಂತಿ ಯಾವ ಸ್ವರಕ್ಕೆ ಬಂತು, ಅದರಿಂದ ಏನು ಬದಲಾಯಿತು ಎಂಬುದು ಪೂರ್ತಿ ಕಿವಿಯ ಅಳವಿನಲ್ಲಿರುತ್ತದೆ.

● ಕರ್ನಾಟಕ ಸಂಗೀತದ ಪಿಟೀಲು ಸ್ವತಃ ಓಪನ್ ಟ್ಯೂನಿಂಗ್ ವಾದ್ಯ, ಗೊತ್ತೇ? ಯುರೋಪಿನ ವಯೊಲಿನ್ ಶ್ರುತಿ ಜಿ-ಡಿ-ಎ-ಇ. ಅಲ್ಲೂ ತಂತಿಯಿಂದ ತಂತಿಗೆ ಸ-ಪ ದೂರ, ಅಂದರೆ ಟೆನರ್ ಗಿಟಾರಿನ ಜೋಡಣೆಯೇ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786–1858) ಈ ವಾದ್ಯವನ್ನು ನಮ್ಮ ಸಂಗೀತಕ್ಕೆ ತಂದವರೆಂದು ಇತಿಹಾಸಕಾರರು ಹೇಳುತ್ತಾರೆ. ಇಲ್ಲಿಗೆ ಬಂದ ವಯೊಲಿನ್ನಿನ ಮರ ಬದಲಾಗಲಿಲ್ಲ, ಕಮಾನು ಬದಲಾಗಲಿಲ್ಲ, ಬದಲಾದದ್ದು ಶ್ರುತಿ ಮತ್ತು ಕೂರುವ ಭಂಗಿ. ಇಂದಿಗೂ ನಮ್ಮ ಕಛೇರಿಯ ಪಿಟೀಲು ಮಂದ್ರ ಸ, ಮಂದ್ರ ಪ, ಮಧ್ಯ ಸ, ಮಧ್ಯ ಪ. ತಿರುಮಕೂಡಲಿನ ಟಿ. ಚೌಡಯ್ಯನವರು ಮೈಕ್ ಇಲ್ಲದ ಸಭೆಗಳಲ್ಲಿ ದನಿ ಹಿಂದಿನ ಸಾಲಿಗೂ ಮುಟ್ಟಲೆಂದು ತಂತಿಗಳನ್ನು ಏಳಕ್ಕೆ ಏರಿಸಿದರು. ಬೆಂಗಳೂರಿನಲ್ಲಿ ಅವರ ನೆನಪಿಗೆ ಕಟ್ಟಿದ ಸಭಾಂಗಣದ ಆಕಾರವೇ ಪಿಟೀಲು.

ಹಾಗಾಗಿ ಅಮೆರಿಕದ ಟೆನರ್ ಗಿಟಾರನ್ನು ಸಿ-ಜಿ-ಸಿ-ಜಿ ಶ್ರುತಿಗೆ ಇಳಿಸಿದವರು ಹೊಸದೇನನ್ನೋ ಕಂಡುಹಿಡಿದಂತೆ ಅಲ್ಲ. ಇದೇ ಜೋಡಣೆ ನಮ್ಮಲ್ಲಿ ಇನ್ನೂರು ವರ್ಷದಿಂದ ಕಮಾನಿನ ಕೆಳಗೆ ನುಡಿಯುತ್ತಿದೆ.

● ವೀಣೆಯಲ್ಲಿ ಕೊಂಚ ವ್ಯತ್ಯಾಸ. ನುಡಿಸುವ ನಾಲ್ಕು ತಂತಿಗಳಲ್ಲಿ ಎಲ್ಲಕ್ಕಿಂತ ಮೇಲಿನದು ಸಾರಣಿ, ಅದು ಷಡ್ಜ. ಮಂದ್ರದಿಂದ ಎಣಿಸಿದರೆ ಪ-ಸ-ಪ-ಸ. ಪಿಟೀಲಿನಲ್ಲಿ ಮೇಲಿನ ತುದಿ ಪಂಚಮ, ವೀಣೆಯಲ್ಲಿ ಷಡ್ಜ. ಟೆನರ್ ಗಿಟಾರಿನಲ್ಲಿ ಇದಕ್ಕೆ ಹೋಲುವ ಜೋಡಣೆ ಬೇಕೆಂದರೆ ದಪ್ಪ ಸಿ ತಂತಿಯನ್ನು ಡಿ ಗೆ ಏರಿಸಿ, ತೆಳು ಎ ತಂತಿಯನ್ನು ಜಿ ಗೆ ಇಳಿಸಿ. ಡಿ-ಜಿ-ಡಿ-ಜಿ ಆಯಿತು. ಈಗ ಜಿ ನಿಮ್ಮ ಷಡ್ಜ.

● ಟ್ಯೂನರ್ ಯಂತ್ರವಿಲ್ಲದೆಯೂ ಸ-ಪ-ಸ-ಪ ಶ್ರುತಿ ಮಾಡಬಹುದು. ಕಿವಿ ಸಾಕು. 12ನೇ ಫ್ರೆಟ್ ಇರುವುದು ತಂತಿಯ ನಟ್ಟನಡುವೆ. ಆ ಲೋಹದ ಪಟ್ಟಿಯ ನೇರಕ್ಕೆ ಎಡಗೈ ಬೆರಳನ್ನು ತಂತಿಗೆ ಬರೀ ಸೋಕಿಸಿ, ಒತ್ತಬೇಡಿ. ಬಲಗೈಯಿಂದ ಮೀಟಿದ ತಕ್ಷಣ ಬೆರಳೆತ್ತಿ. ಗಾಜಿನಂಥ ತಿಳಿಯಾದ ನಾದ ಬರುತ್ತದೆ. ಅದು ಅದೇ ತಂತಿಯ ಸ್ವರ, ಒಂದು ಸ್ಥಾಯಿ ಮೇಲೆ.

ಜಿ ತಂತಿಯಲ್ಲಿ ಹೀಗೆ ಬಂದ ನಾದವೇ ತೆಳು ತಂತಿ ತಲುಪಬೇಕಾದ ಪಂಚಮ. ಎರಡನ್ನೂ ಒಟ್ಟಿಗೆ ನುಡಿಸುತ್ತ ತೆಳು ತಂತಿಯ ಬಿರಡೆಯನ್ನು ಸಡಿಲಿಸಿ. ಮೊದಲು ಎರಡೂ ಜಗಳವಾಡುತ್ತವೆ. ಹತ್ತಿರ ಬಂದಂತೆ ವೊಂ-ವೊಂ-ವೊಂ ಎಂಬ ಅಲೆ ಕೇಳುತ್ತದೆ, ಅದು ನಿಧಾನವಾಗುತ್ತ ಹೋಗಿ ಒಂದು ಹಂತದಲ್ಲಿ ನಿಂತುಬಿಡುತ್ತದೆ. ನಿಂತಲ್ಲಿಗೆ ಶ್ರುತಿ ಸೇರಿತು. ಸಿ ತಂತಿಯ 12ನೇ ಫ್ರೆಟ್ಟಿನ ನಾದಕ್ಕೆ ಡಿ ತಂತಿಯನ್ನು ಇದೇ ಬಗೆಯಲ್ಲಿ ಇಳಿಸಿ. ಒಂದು ಮಾತು ಮರೆಯಬೇಡಿ: ಬೇಕಾದ ಸ್ವರಕ್ಕಿಂತ ಸ್ವಲ್ಪ ಹೆಚ್ಚೇ ಇಳಿಸಿ, ಕೆಳಗಿನಿಂದ ಏರಿಸುತ್ತ ಬಂದು ನಿಲ್ಲಿಸಬೇಕು. ಇಳಿಸುತ್ತ ಬಂದು ನಿಲ್ಲಿಸಿದರೆ ಬಿರಡೆಯ ಹಲ್ಲುಗಳ ನಡುವಿನ ಸಡಿಲ ಹಾಗೇ ಉಳಿದು, ಎರಡು ಹಾಡು ನುಡಿಸುವಷ್ಟರಲ್ಲಿ ತಂತಿ ಮತ್ತೆ ಜಾರುತ್ತದೆ.

● ಈ ಶ್ರುತಿಯಲ್ಲಿ ಸರಳೆ ವರಸೆ ನುಡಿಸಿ ನೋಡಿದವರಿಗೆ ಒಂದು ಸಂತೋಷ ಕಾದಿದೆ. ಪುರಂದರದಾಸರ ಹೆಸರಿನೊಂದಿಗೆ ಬಂದಿರುವ ಪಾಠಕ್ರಮದಂತೆ ನಮ್ಮ ಮಕ್ಕಳು ಮೊದಲು ಕಲಿಯುವ ರಾಗ ಮಾಯಾಮಾಳವಗೌಳ. ಸ ತಂತಿಯಲ್ಲಿ ಬೆರಳಿಡದೆ ಸ, 1ನೇ ಫ್ರೆಟ್ಟಿನಲ್ಲಿ ರಿ, 4ರಲ್ಲಿ ಗ, 5ರಲ್ಲಿ ಮ. ಪಕ್ಕದ ಪ ತಂತಿಯಲ್ಲಿ ಬೆರಳಿಡದೆ ಪ, 1ರಲ್ಲಿ ದ, 4ರಲ್ಲಿ ನಿ, 5ರಲ್ಲಿ ಮೇಲಿನ ಸ. ಎರಡೂ ತಂತಿಯಲ್ಲಿ ಬೆರಳು ಒಂದೇ ಜಾಗಕ್ಕೆ ಹೋಗುತ್ತದೆ! ರಾಗದ ಪೂರ್ವಾಂಗವೂ ಉತ್ತರಾಂಗವೂ ಒಂದೇ ಅಳತೆಯವು ಎಂದು ಪುಸ್ತಕದಲ್ಲಿ ಓದಿದ್ದು ಇಲ್ಲಿ ಬೆರಳಿಗೆ ತಟ್ಟುತ್ತದೆ.

ಶಂಕರಾಭರಣಕ್ಕೂ ಹೀಗೇ, 0-2-4-5 ಎರಡು ಸಲ. ಖರಹರಪ್ರಿಯಕ್ಕೆ 0-2-3-5 ಎರಡು ಸಲ. ತೋಡಿಗೆ 0-1-3-5 ಎರಡು ಸಲ. ಹರಿಕಾಂಭೋಜಿಯಲ್ಲಿ ಮಾತ್ರ ನಿಷಾದ ಒಂದು ಫ್ರೆಟ್ ಹಿಂದೆ ಸರಿಯುತ್ತದೆ: ಮೊದಲ ತಂತಿಗೆ 0-2-4-5, ಎರಡನೆಯದಕ್ಕೆ 0-2-3-5. ಮೇಲಿನ ಜೋಡಿ ತಂತಿ ಕೆಳಗಿನ ಜೋಡಿಯ ತದ್ರೂಪ, ಒಂದು ಸ್ಥಾಯಿ ಎತ್ತರದಲ್ಲಿ. ಅಲ್ಲಿಗೆ ಎರಡು ತಂತಿ ಕಲಿತರೆ ಎರಡು ಸ್ಥಾಯಿ ಕೈವಶ. ಮೂಲ ಸಿ-ಜಿ-ಡಿ-ಎ ಶ್ರುತಿಯಲ್ಲಿ ಈ ಅನುಕೂಲವಿಲ್ಲ.

● ಹಾಗಾದರೆ ಗಮಕ? ಫ್ರೆಟ್ ಇರುವ ವಾದ್ಯದಲ್ಲಿ ಗಮಕಕ್ಕೆ ತಂತಿಯನ್ನು ಅಡ್ಡಲಾಗಿ ಎಳೆಯಬೇಕು. ಇಳಿಸಿದ ತಂತಿಯಲ್ಲಿ ಬಿಗಿ ಕಡಿಮೆಯಾದ್ದರಿಂದ ಅದೇ ಎಳೆತಕ್ಕೆ ಸ್ವರ ಹೆಚ್ಚು ದೂರ ಏರುತ್ತದೆ. ಬೆರಳಿಗೆ ನೋವೂ ಕಡಿಮೆ. ವೀಣೆಯಷ್ಟು ಎಳೆತ ಸಿಗುವುದಿಲ್ಲ, ನಿಜ. ಆದರೂ ಸಡಿಲ ಶ್ರುತಿ ಗಮಕದ ಪಾಲಿಗೆ ಲಾಭವೇ.

● ಸ-ಪ-ಸ-ಪ ಶ್ರುತಿಯಲ್ಲಿ ಗಾಂಧಾರ ಇಲ್ಲ. ಆದ್ದರಿಂದ ಅದು ಮೇಜರ್ ಕೂಡ ಅಲ್ಲ, ಮೈನರ್ ಕೂಡ ಅಲ್ಲ. ಹಾಡುವವರು ಯಾವ ಗಾಂಧಾರ ಹಾಡಿದರೂ ಅಡ್ಡಿಯಾಗುವುದಿಲ್ಲ. ತಂಬೂರಿಯ ಗುಣವೂ ಇದೇ ತಾನೇ!

● ಗಾಂಧಾರ ಬೇಕು ಅನ್ನುವವರಿಗೆ ಸಿ-ಜಿ-ಇ-ಜಿ ಇದೆ. ರಿ ಯನ್ನು ಗ ಗೆ ಏರಿಸಿ, ದ ವನ್ನು ಪ ಗೆ ಇಳಿಸಿ: ಸ-ಪ-ಗ-ಪ. ಬೆರಳಿಡದೆ ಮೀಟಿದರೆ ತುಂಬಿದ ಸಿ ಮೇಜರ್. ಇ ಬದಲು ಇ ಫ್ಲ್ಯಾಟ್ ಇಟ್ಟರೆ, ಅಂದರೆ ಸಾಧಾರಣ ಗಾಂಧಾರ ಇಟ್ಟರೆ, ಸಿ ಮೈನರ್. ಆ ಒಂದು ತಂತಿಯ ಅರ್ಧ ತಿರುವಿನಲ್ಲಿ ವಾದ್ಯದ ಮುಖಭಾವವೇ ಬದಲಾಗುತ್ತದೆ.

● ಟೆನರ್ ಗಿಟಾರಿಗೆ ಎರಡನೇ ಪ್ರಸಿದ್ಧ ಶ್ರುತಿ ಡಿ-ಜಿ-ಬಿ-ಇ. ಅದನ್ನು ಷಿಕಾಗೊ ಟ್ಯೂನಿಂಗ್ ಎನ್ನುತ್ತಾರೆ. ಆರು ತಂತಿಯ ಗಿಟಾರಿನ ತೆಳುವಾದ ನಾಲ್ಕು ತಂತಿಗಳ ಶ್ರುತಿ ಇದೇ, ಬ್ಯಾರಿಟೋನ್ ಯುಕುಲೆಲೆಯ ಶ್ರುತಿಯೂ ಇದೇ. 1958ರಲ್ಲಿ ‘ಟಾಮ್ ಡೂಲಿ’ ಹಾಡಿನಿಂದ ಅಮೆರಿಕದ ಮನೆಮಾತಾದ ಕಿಂಗ್‌ಸ್ಟನ್ ಟ್ರಿಯೊ ತಂಡದ ನಿಕ್ ರೆನಾಲ್ಡ್ಸ್ ಮಾರ್ಟಿನ್ ಟೆನರ್ ಗಿಟಾರನ್ನು ಈ ಶ್ರುತಿಯಲ್ಲೇ ನುಡಿಸುತ್ತಿದ್ದರು.

ಇಲ್ಲಿಂದ ಓಪನ್ ಟ್ಯೂನಿಂಗ್‌ಗೆ ಹೋಗಲು ಒಂದೇ ತಂತಿ ಇಳಿಸಿದರೆ ಸಾಕು. ತೆಳು ತಂತಿಯನ್ನು ಇ ಯಿಂದ ಡಿ ಗೆ ತನ್ನಿ. ಡಿ-ಜಿ-ಬಿ-ಡಿ, ನಮ್ಮ ಲೆಕ್ಕದಲ್ಲಿ ಪ-ಸ-ಗ-ಪ. ಓಪನ್ ಜಿ ಎಂದು ಲೋಕವೆಲ್ಲ ಕರೆಯುವ ಶ್ರುತಿ ಇದೇ. ಐದು ತಂತಿಯ ಬ್ಯಾಂಜೊದಲ್ಲಿ ಉದ್ದನೆಯ ನಾಲ್ಕು ತಂತಿಗಳಿಗೂ ಇದೇ ಶ್ರುತಿ ಇರುವುದರಿಂದ, ಬ್ಯಾಂಜೊ ಪಾಠಪುಸ್ತಕದ ಎಡಗೈ ಪಾಠಗಳೆಲ್ಲ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತವೆ.

● ಓಪನ್ ಜಿ ಶ್ರುತಿಯಲ್ಲಿ ಒಂದು ಬೆರಳಿನಿಂದ ಎಷ್ಟೋ ಜನಪದ ಹಾಡುಗಳಿಗೆ ಪಕ್ಕವಾದ್ಯ ನುಡಿಸಬಹುದು. ಬೆರಳಿಡದಿದ್ದರೆ ಜಿ. 5ನೇ ಫ್ರೆಟ್ಟಿನಲ್ಲಿ ತೋರುಬೆರಳನ್ನು ನಾಲ್ಕೂ ತಂತಿಗೆ ಅಡ್ಡಲಾಗಿ ಒತ್ತಿದರೆ ಸಿ. 7ರಲ್ಲಿ ಒತ್ತಿದರೆ ಡಿ. 12ಕ್ಕೆ ಬಂದರೆ ಮತ್ತೆ ಜಿ. ಈ ಮೂರು ಕಾರ್ಡಿನ ಮೇಲೆ ನಿಂತ ಹಾಡುಗಳು ಅಮೆರಿಕದ ಜನಪದದಲ್ಲಿ ಲೆಕ್ಕವಿಲ್ಲದಷ್ಟಿವೆ.

● ಒಂಬತ್ತನೇ ವಯಸ್ಸಿನಲ್ಲಿ ಪೋಲಿಯೊ ಬಂದು ಎಡಗೈ ಬಲಗುಂದಿದ ಹುಡುಗಿಯೊಬ್ಬಳು ಮುಂದೆ ಐವತ್ತಕ್ಕೂ ಹೆಚ್ಚು ಶ್ರುತಿಗಳನ್ನು ಬಳಸಿ ಹಾಡು ಕಟ್ಟಿದಳು. ಕೆನಡಾದ ಜೋನಿ ಮಿಚೆಲ್ ಆಕೆ. ಕಷ್ಟದ ಕಾರ್ಡುಗಳಿಗೆ ಕೈ ಬಗ್ಗದಿದ್ದಾಗ ಅವರು ತಂತಿಗಳನ್ನೇ ತಮ್ಮ ಕೈಗೆ ಹೊಂದಿಸಿಕೊಂಡರು. ಸಂಧಿವಾತದಿಂದ ಬೆರಳು ಬಿಗಿದುಕೊಂಡವರು, ವಯಸ್ಸಾದ ಮೇಲೆ ಕಲಿಯಲು ಹೊರಟವರು ಈ ಮಾತನ್ನು ಗಮನಿಸಬೇಕು. ಕೈ ಸೋತಿತೆಂದು ಸಂಗೀತ ಬಿಡಬೇಕಿಲ್ಲ.

● ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಓಪನ್ ಜಿ ಗಾಗಿ ತಮ್ಮ ಗಿಟಾರಿನಿಂದ ಆರನೇ ತಂತಿಯನ್ನು ತೆಗೆದೇ ಹಾಕಿದರು. ಐದೇ ತಂತಿ. 1969ರ ‘ಹಾಂಕಿ ಟಾಂಕ್ ವಿಮೆನ್’ ನುಡಿದದ್ದು ಆ ಶ್ರುತಿಯಲ್ಲಿ.

● ಷಿಕಾಗೊ ಶ್ರುತಿಯಿಂದಲೇ ಓಪನ್ ಡಿ ಗೂ ಹೋಗಬಹುದು: ಡಿ ಹಾಗೇ ಇರಲಿ, ಜಿ ಯನ್ನು ಎಫ್ ಶಾರ್ಪ್‌ಗೆ, ಬಿ ಯನ್ನು ಎ ಗೆ, ಇ ಯನ್ನು ಡಿ ಗೆ ಇಳಿಸಿ. ಸ-ಗ-ಪ-ಸ. ಅಮೆರಿಕದ ಬ್ಲೂಸ್ ವಾದಕರು ಇದನ್ನು ‘ವೆಸ್ಟಪೋಲ್’ ಶ್ರುತಿ ಎನ್ನುತ್ತಿದ್ದರು. ಆ ಹೆಸರಿನ ಮೂಲ ಕಪ್ಪು ಸಮುದ್ರದ ದಂಡೆಯ ಸೆವಾಸ್ಟೊಪೋಲ್ ಊರು. ಕ್ರಿಮಿಯಾ ಯುದ್ಧದಲ್ಲಿ ಆ ಊರಿಗೆ ಬಿದ್ದ ಮುತ್ತಿಗೆಯನ್ನು ವರ್ಣಿಸುವ ಗಿಟಾರ್ ಕೃತಿಯೊಂದನ್ನು ಹೆನ್ರಿ ವೊರಾಲ್ ಎಂಬುವರು 1860ರ ಸುಮಾರಿಗೆ ಅಮೆರಿಕದಲ್ಲಿ ಪ್ರಕಟಿಸಿದರು. ಮನೆಮನೆಯಲ್ಲಿ ಕಲಿತ ಆ ಕೃತಿ ಕಾಲಾಂತರದಲ್ಲಿ ಮರೆಯಾಯಿತು, ಅದರ ಶ್ರುತಿ ಮಾತ್ರ ಕಪ್ಪು ಸಂಗೀತಗಾರರ ಕೈಯಲ್ಲಿ ಉಳಿದು ಬೆಳೆಯಿತು.

● ಟ್ಯೂನರ್ ಹಸಿರು ದೀಪ ತೋರಿಸಿದರೂ ಓಪನ್ ಜಿ ಶ್ರುತಿಯಲ್ಲಿ ಗಾಂಧಾರ ಚುಚ್ಚುತ್ತದೆ. ಅನುಭವಕ್ಕೆ ಬಂದಿದೆಯೇ? ತಪ್ಪು ನಿಮ್ಮ ಕಿವಿಯದಲ್ಲ. ಟ್ಯೂನರಿನ ಲೆಕ್ಕ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ ಲೆಕ್ಕ. ಅದರ ಪ್ರಕಾರ ಜಿ 196 ಹರ್ಟ್ಜ್ ಆದರೆ ಬಿ 246.9. ಆದರೆ ಸಹಜ ಅಂತರ ಗಾಂಧಾರ ಷಡ್ಜದ ಐದು ನಾಲ್ಕಾಂಶ, ಅಂದರೆ 245. ಎರಡು ಹರ್ಟ್ಜ್‌ಗಳಷ್ಟು ವ್ಯತ್ಯಾಸ. ಸಂಗೀತದ ಅಳತೆಯಲ್ಲಿ 14 ಸೆಂಟ್, ಅಂದರೆ ಒಂದು ಫ್ರೆಟ್ಟಿನ ದೂರದ ಏಳನೇ ಒಂದು ಭಾಗ.

ಇಷ್ಟು ಚಿಕ್ಕ ವ್ಯತ್ಯಾಸ ಕೇಳುವುದು ಹೇಗೆ? ಜಿ ತಂತಿಯ ಐದನೇ ಉಪಸ್ವರ, ಅಂದರೆ ಮೂಲ ಕಂಪನದ ಐದು ಪಟ್ಟು, 980 ಹರ್ಟ್ಜ್‌ನಲ್ಲಿ, ಬಿ ತಂತಿಯ ನಾಲ್ಕನೆಯದು 988ರ ಹತ್ತಿರ. ಎರಡೂ ಒಟ್ಟಿಗೆ ನುಡಿದಾಗ ಸೆಕೆಂಡಿಗೆ ಸುಮಾರು 8 ಸಲ ನಾದ ಅದುರುತ್ತದೆ. ಚುಚ್ಚಿದಂತೆ ಕೇಳುವುದು ಆ ಅದುರು. ಬಿ ತಂತಿಯನ್ನು ಕೂದಲೆಳೆಯಷ್ಟು ಇಳಿಸಿ ನೋಡಿ, ಅದುರು ನಿಂತು ಕಾರ್ಡ್ ಒಮ್ಮೆಲೇ ಹೂವಾಗಿ ಅರಳುತ್ತದೆ. ತಂಬೂರಿಯ ಮಂದ್ರ ತಂತಿಯೊಳಗೆ ತಾನಾಗಿ ಮೂಡುವ ಗಾಂಧಾರವೂ ಈ ಸಹಜ ಗಾಂಧಾರವೇ. ತಂಬೂರಿ ಕೇಳಿ ಬೆಳೆದವರಿಗೆ ಅದನ್ನು ಗುರುತಿಸುವುದು ಸುಲಭ.

ಇನ್ನೂ ಒಂದು ಲಾಭವಿದೆ. ನೇರವಾಗಿ ಅಡ್ಡಬೆರಳು ಒತ್ತಿದಾಗ ನಾಲ್ಕೂ ತಂತಿ ಒಂದೇ ಪ್ರಮಾಣದಲ್ಲಿ ಏರುವುದರಿಂದ, ನೀವು ಬೆರಳಿಡದ ತಂತಿಗಳಲ್ಲಿ ಸಾಧಿಸಿದ ಶುದ್ಧಿ 5ರಲ್ಲೂ 7ರಲ್ಲೂ ಹಾಗೇ ಉಳಿಯುತ್ತದೆ. ಬೇರೆ ಬೇರೆ ಬೆರಳಿಟ್ಟು ಕಾರ್ಡ್ ಕಟ್ಟುವಾಗ ಮಾತ್ರ ಆ ಬಿ ತಂತಿ ಸ್ವಲ್ಪ ತಗ್ಗಿದಂತೆ ಕೇಳಬಹುದು. ಆಗ 14ರ ಬದಲು 7 ಸೆಂಟ್ ಇಳಿಸಿ ರಾಜಿ ಮಾಡಿಕೊಳ್ಳಬೇಕು.

● ತೆಳು ತಂತಿಯನ್ನು ಇಳಿಸಿ, ಏರಿಸಬೇಡಿ ಎಂದು ಬಲ್ಲವರು ಹೇಳುವುದರ ಹಿಂದೆ ಲೆಕ್ಕವಿದೆ. ಸ್ವರದ ಕಂಪನ ಎಷ್ಟು ಪಟ್ಟು ಬದಲಾಗುತ್ತದೋ ತಂತಿಯ ಬಿಗಿ ಅದರ ವರ್ಗದಷ್ಟು ಬದಲಾಗುತ್ತದೆ. ಎ ಯಿಂದ ಜಿ ಗೆ ಇಳಿಸಿದರೆ ಕಂಪನ ಕಡಿಮೆಯಾಗುವುದು ಶೇ 11ರಷ್ಟು, ಬಿಗಿ ಶೇ 20ರಷ್ಟು. 23 ಇಂಚಿನ ಟೆನರ್‌ನಲ್ಲಿ 0.010 ಇಂಚು ದಪ್ಪದ ಉಕ್ಕಿನ ತಂತಿಗೆ ಎ ಸ್ವರದಲ್ಲಿ ಸುಮಾರು 10.7 ಕಿಲೋ ಎಳೆತ ಇರುತ್ತದೆ. ಜಿ ಗೆ ಇಳಿದರೆ 8.5 ಕಿಲೋ. ಅದೇ ಎ ಯಿಂದ ಬಿ ಗೆ ಏರಿಸಿದರೆ? ಎಳೆತ 13 ಕಿಲೋ ದಾಟುತ್ತದೆ, ತಂತಿ ಹರಿಯುವ ಗಡಿಗೆ ಬಂದು ನಿಲ್ಲುತ್ತದೆ. ಟೆನರ್ ಗಿಟಾರಿನ ಎ ತಂತಿ ಮೊದಲೇ ತನ್ನ ತಾಳಿಕೆಯ ಅಂಚಿನಲ್ಲಿದೆ. ತಂತಿಗೆ ಹತ್ತಿರ ಮುಖವಿಟ್ಟುಕೊಂಡು ಆ ಬಿರಡೆಯನ್ನು ಎಂದೂ ಬಿಗಿಯಬೇಡಿ.

● ದಪ್ಪ ತಂತಿ ಹಾಕಿದರೆ ಹರಿಯುವುದಿಲ್ಲ ಎಂಬ ನಂಬಿಕೆ ಸರಿಯಲ್ಲ, ಗೊತ್ತೇ? ತಂತಿ ದಪ್ಪವಾದಷ್ಟೂ ತಾಳುವ ಶಕ್ತಿ ಹೆಚ್ಚುತ್ತದೆ, ಆದರೆ ಅದೇ ಸ್ವರಕ್ಕೆ ಬೇಕಾಗುವ ಎಳೆತವೂ ಅಷ್ಟೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಎರಡೂ ಸರಿಹೋಗುತ್ತವೆ. ಒಂದೇ ಲೋಹದ ಬರಿ ತಂತಿ ಯಾವ ಸ್ವರದಲ್ಲಿ ಹರಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ಅದರ ಉದ್ದ, ದಪ್ಪವಲ್ಲ. ದಪ್ಪ ತಂತಿ ಬೇಕಾಗುವುದು ಇಳಿಸಿದಾಗ, ಸಡಿಲಾದ ತಂತಿ ಫ್ರೆಟ್ಟಿಗೆ ಬಡಿದು ಝರ್ ಎನ್ನದಿರಲಿ ಎಂದು.

● ಎರಡು ತಂತಿ ಇಳಿಸಿದ ಮೇಲೆ ಮುಟ್ಟದೇ ಬಿಟ್ಟ ತಂತಿಗಳು ತಾವಾಗಿ ಕೊಂಚ ಏರಿರುತ್ತವೆ. ಒಟ್ಟು ಎಳೆತ ತಗ್ಗಿದಾಗ ಕುತ್ತಿಗೆ ಹಿಂದಕ್ಕೆ ನೆಟ್ಟಗಾಗಿ, ಉಳಿದ ತಂತಿಗಳನ್ನು ಬಿಗಿಯುತ್ತದೆ. ಆದ್ದರಿಂದ ಶ್ರುತಿಯನ್ನು ಎರಡು ಸುತ್ತು ನೋಡಬೇಕು. ಬಿರಡೆ ತಿರುವುವಾಗ ಟಿಂಕ್ ಎಂದು ಸದ್ದಾಗಿ ಸ್ವರ ಹಾರಿದರೆ, ತಂತಿ ಕುತ್ತಿಗೆಯ ತುದಿಯ ನಟ್ಟಿನ ಕಚ್ಚಿನಲ್ಲಿ ಸಿಕ್ಕಿಕೊಂಡಿದೆ ಎಂದರ್ಥ. ಮೆದು ಪೆನ್ಸಿಲ್ಲಿನ ಸೀಸವನ್ನು ಆ ಕಚ್ಚಿಗೆ ಉಜ್ಜಿದರೆ ಸಾಕು.

● ಐರ್ಲೆಂಡಿನ ಸಂಗೀತ ನುಡಿಸುವವರು ಟೆನರ್ ಗಿಟಾರಿಗೆ ಜಿ-ಡಿ-ಎ-ಇ ಶ್ರುತಿ ಇಡುತ್ತಾರೆ, ಮ್ಯಾಂಡೊಲಿನ್‌ಗಿಂತ ಒಂದು ಸ್ಥಾಯಿ ಕೆಳಗೆ. ಅಲ್ಲಿಂದ ತೆಳು ತಂತಿ ಒಂದನ್ನೇ ಡಿ ಗೆ ಇಳಿಸಿದರೆ ಜಿ-ಡಿ-ಎ-ಡಿ. 1960ರ ದಶಕದಲ್ಲಿ ಗ್ರೀಸಿನ ಬುಜೂಕಿ ವಾದ್ಯವನ್ನು ಐರಿಶ್ ಸಂಗೀತಕ್ಕೆ ತಂದ ಜಾನಿ ಮೊಯ್ನಿಹನ್ ಬಳಸಿದ ಶ್ರುತಿ ಇದು. ಡಿ ಯನ್ನು ಷಡ್ಜವೆಂದರೆ ಮ-ಸ-ಪ-ಸ. ಮಂದ್ರದಲ್ಲಿ ಮಧ್ಯಮ, ಮೇಲೆ ಸ-ಪ-ಸ. ರಾಗ ನುಡಿಸುವ ಕೈಗೂ ಕಾರ್ಡ್ ಹಿಡಿಯುವ ಕೈಗೂ ಸಮನಾಗಿ ಒದಗುತ್ತದೆ. ಟೆನರ್‌ಗೆ ಒಂದೇ ಒಂದು ಬದಲಿ ಶ್ರುತಿ ಆರಿಸು ಎಂದರೆ ಹಾಡಿನವರಿಗೆ ಇದನ್ನು, ರಾಗದವರಿಗೆ ಸ-ಪ-ಸ-ಪ ಹೇಳುತ್ತೇನೆ.

● ತಂತಿ ಇಳಿಸುವುದು ಜನಪದರ ಅಭ್ಯಾಸ ಮಾತ್ರವಲ್ಲ. ಬೊಹೀಮಿಯಾ ಮೂಲದ ಹೈನ್ರಿಕ್ ಬೀಬರ್ 1670ರ ದಶಕದಲ್ಲಿ ರಚಿಸಿದ ‘ರೋಸರಿ ಸೊನಾಟಾ’ಗಳ 16 ಕೃತಿಗಳಲ್ಲಿ ಮೊದಲನೆಯದು ಮತ್ತು ಕೊನೆಯದು ಬಿಟ್ಟು ಉಳಿದ 14ಕ್ಕೂ ವಯೊಲಿನ್ನಿನ ಶ್ರುತಿ ಬದಲಿಸಲೇಬೇಕು. ಒಂದರಲ್ಲಂತೂ ನಡುವಿನ ಎರಡು ತಂತಿಗಳನ್ನು ಒಂದರ ಜಾಗಕ್ಕೆ ಇನ್ನೊಂದನ್ನು ಅಡ್ಡಹಾಯಿಸಿ ಕಟ್ಟಬೇಕು.

● ಹವಾಯಿಯ ದನಗಾಹಿಗಳು 1830ರ ದಶಕದಲ್ಲಿ ಮೆಕ್ಸಿಕೊ ಕಡೆಯ ಸವಾರರಿಂದ ಗಿಟಾರ್ ಪಡೆದು, ತಂತಿ ಸಡಿಲಿಸಿ ತಮ್ಮದೇ ಶ್ರುತಿಗಳನ್ನು ಕಟ್ಟಿಕೊಂಡರು. ಎಷ್ಟೋ ಮನೆತನಗಳು ತಮ್ಮ ಶ್ರುತಿಯನ್ನು ಗುಟ್ಟಾಗಿ ಕಾಯ್ದವು, ಹೊರಗಿನವರಿಗೆ ತಿಳಿಯಬಾರದೆಂದು. ಅದೇ ದ್ವೀಪಗಳಲ್ಲಿ 19ನೇ ಶತಮಾನದ ಕೊನೆಗೆ ಜೋಸೆಫ್ ಕೆಕುಕು ಲೋಹದ ತುಂಡನ್ನು ತಂತಿಯ ಮೇಲೆ ಜಾರಿಸಿ ನುಡಿಸುವ ವಿಧಾನ ಬೆಳೆಸಿದರು. ಆ ವಿಧಾನ ಭಾರತಕ್ಕೂ ಬಂತು: ಬ್ರಿಜ್ ಭೂಷಣ್ ಕಾಬ್ರಾ ಅವರ ಗಿಟಾರ್ 1967ರ ‘ಕಾಲ್ ಆಫ್ ದ ವ್ಯಾಲಿ’ ಧ್ವನಿಮುದ್ರಿಕೆಯಲ್ಲಿ ಶಿವಕುಮಾರ್ ಶರ್ಮಾ ಮತ್ತು ಹರಿಪ್ರಸಾದ್ ಚೌರಾಸಿಯಾ ಅವರ ಜೊತೆ ನುಡಿಯಿತು. ವಿಶ್ವಮೋಹನ ಭಟ್ಟರು ಅಮೆರಿಕದ ರೈ ಕೂಡರ್ ಜೊತೆ ಸೇರಿ ನುಡಿಸಿದ ಧ್ವನಿಸುರುಳಿಗೆ 1994ರಲ್ಲಿ ಗ್ರ್ಯಾಮಿ ಬಂತು.

● ಜಾಝ್ ಲೋಕದ ಮಹಾ ಗಿಟಾರ್ ವಾದಕ ವೆಸ್ ಮಾಂಟ್ಗೊಮರಿ ಹುಡುಗನಾಗಿದ್ದಾಗ ಅಣ್ಣ ತಂದುಕೊಟ್ಟದ್ದು ನಾಲ್ಕು ತಂತಿಯ ಟೆನರ್ ಗಿಟಾರ್. 1944ರಲ್ಲಿ ಚಾರ್ಲಿ ಪಾರ್ಕರ್ ಜೊತೆ ಧ್ವನಿಮುದ್ರಣ ಮಾಡಿದ ಟೈನಿ ಗ್ರೈಮ್ಸ್ ಕೊನೆಯವರೆಗೂ ನಾಲ್ಕು ತಂತಿಗೇ ಅಂಟಿಕೊಂಡರು. ಇಂದು ವಾರನ್ ಎಲಿಸ್, ನೀಕೊ ಕೇಸ್ ಈ ವಾದ್ಯ ಹಿಡಿದು ವೇದಿಕೆ ಏರುತ್ತಾರೆ. ಅಮೆರಿಕದ ಆರೆಗನ್ ರಾಜ್ಯದ ಅಸ್ಟೋರಿಯಾ ಊರಿನಲ್ಲಿ ಟೆನರ್ ಗಿಟಾರ್ ವಾದಕರ ಸಮ್ಮೇಳನವೇ ನಡೆದಿದೆ.

● ಓಪನ್ ಟ್ಯೂನಿಂಗ್‌ಗೆ ಮಿತಿಯೂ ಇದೆ, ಹೇಳದಿದ್ದರೆ ತಪ್ಪಾಗುತ್ತದೆ. ಒಂದೇ ಹಾಡಿನಲ್ಲಿ ನಾಲ್ಕಾರು ಷಡ್ಜಗಳಿಗೆ ಜಿಗಿಯುವ ಜಾಝ್‌ಗೆ ಇದು ಒಗ್ಗುವುದಿಲ್ಲ. ಅಲ್ಲಿ ಸಿ-ಜಿ-ಡಿ-ಎ ಯೇ ಸರಿ. ಹಾಡುವವರ ದನಿಗೆ ತಕ್ಕಂತೆ ಷಡ್ಜ ಏರಿಸಬೇಕಾದರೆ ಬಿರಡೆಗೆ ಕೈಹಾಕದೆ ಕೇಪೋ (ತಂತಿಗಳನ್ನೆಲ್ಲ ಒಮ್ಮೆಗೇ ಒತ್ತುವ ಕ್ಲಿಪ್) ಕಚ್ಚಿಸಿ. 2ನೇ ಫ್ರೆಟ್ಟಿನಲ್ಲಿ ಕಚ್ಚಿಸಿದರೆ ಓಪನ್ ಜಿ ಓಪನ್ ಎ ಆಗುತ್ತದೆ.

● ಟೆನರ್ ಗಿಟಾರ್ ನಮ್ಮ ಅಂಗಡಿಗಳಲ್ಲಿ ಸಲೀಸಾಗಿ ಸಿಗುವುದಿಲ್ಲ. ಅದಕ್ಕಾಗಿ ಕಾಯಬೇಡಿ. ಮನೆಯಲ್ಲಿ ಆರು ತಂತಿಯ ಗಿಟಾರ್ ಇದ್ದರೆ ಅದರ ತೆಳುವಾದ ನಾಲ್ಕು ತಂತಿಗಳೇ ಷಿಕಾಗೊ ಶ್ರುತಿಯ ಟೆನರ್ ಗಿಟಾರ್. ಮೊದಲ ತಂತಿಯನ್ನು ಇ ಯಿಂದ ಡಿ ಗೆ ಇಳಿಸಿ, ದಪ್ಪನೆಯ ಎರಡು ತಂತಿಗಳನ್ನು ಮುಟ್ಟದೆ ನಾಲ್ಕನ್ನೇ ಮೀಟಿ. 5ನೇ, 7ನೇ ಫ್ರೆಟ್ಟಿನಲ್ಲಿ ಒಂದು ಬೆರಳು ಅಡ್ಡ ಒತ್ತಿ ನಿಮಗೆ ಗೊತ್ತಿರುವ ಹಾಡೊಂದನ್ನು ಗುನುಗಿ. ಎರಡನೇ ತಂತಿಯನ್ನು ಅದುರು ನಿಲ್ಲುವವರೆಗೆ ಕೂದಲೆಳೆಯಷ್ಟು ಇಳಿಸುವುದನ್ನು ಮಾತ್ರ ಮರೆಯಬೇಡಿ.